ಈ ದಡದ ಟಿಕೆಟ್ಟು

ಕೂ... ಎಂದು ಆಚೆ ದಡದಲ್ಲಿ ರೈಲು ಕೂಗಿತು. ಕಾಜಕ್ಕನ ಸೂಜಿ ಬಟ್ಟೆಯೊಳಗೇ ನಿಂತಿತು.

ಊರಿನ ದರ್ಜಿಗಳೆಲ್ಲರ ಕೋಟುಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುವವಳು ಇವಳೊಬ್ಬಳೇ. ಹಾಗಾಗಿ ಸ್ವಂತ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಅವಳ ಕಿಟಕಿಯಿಂದ ನದಿ, ಸೇತುವೆ, ಆಚೆಯ ಸ್ಟೇಷನ್ನಿನ ತಗಡಿನ ಮಾಡು ಕಾಣುತ್ತಿದ್ದವು. ಅಲ್ಲಿ ಗಂಟೆಗೊಂದು ರೈಲು. ಆದರೂ ಹದಿನೆಂಟು ವರ್ಷದಿಂದ ಅವಳು ಆ ಸ್ಟೇಷನ್ನಿನ ಮೆಟ್ಟಿಲು ಹತ್ತಿಲ್ಲ. ಕೊನೆಯ ಸಲ ಹೋದಾಗ ಟಿಕೆಟ್ ಕೊಡುವವನು ಊರು ಕೇಳಿ, "ಓಹೋ, ರೈಲೇ ನಿಲ್ಲದ ಊರಿನವರು!" ಎಂದಿದ್ದ. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಅಂದಿನಿಂದ ಪೇಟೆಗೆ ಹೋಗುವುದಿದ್ದರೆ ಬಸ್ಸಿನಲ್ಲಿ ಐದು ಗಂಟೆ ಕುಲುಕಿಕೊಂಡು ಹೋದಳೇ ಹೊರತು ಸೇತುವೆ ದಾಟಲಿಲ್ಲ.

ಅವಳ ಭಾವ, ಗಂಡನ ಅಣ್ಣ, ಅರ್ಜಿ ಬರೆದೂ ಬರೆದೂ ಕಳೆದ ವರ್ಷ ಈ ದಡದಲ್ಲಿ ಬೆಳಗಿನ ಒಂದು ರೈಲು ನಿಲ್ಲುವಂತೆ ಮಾಡಿದ್ದರು. ದಿನಕ್ಕೆ ನಲವತ್ತು ಜನ ಹತ್ತದಿದ್ದರೆ ನಿಲುಗಡೆ ರದ್ದು. ಪೇಟೆಗೆ ಎರಡೂ ದಡದಿಂದ ಒಂದೇ ಟಿಕೆಟ್ ನಡೆಯುತ್ತಿದ್ದುದರಿಂದ, ಕೆಲವರು ಇಲ್ಲಿ ಟಿಕೆಟ್ ತೆಗೆದು ಮೆಲ್ಲಗೆ ಆಚೆ ಹೋಗಿ ಹತ್ತುತ್ತಿದ್ದರು. "ಮದುವೆ ನಮ್ಮನೇಲಿ, ಸಂಸಾರ ಅವರ ಮನೇಲಿ" ಎಂದು ಭಾವ ಅವರನ್ನು ಹಂಗಿಸಿದಾಗ ಕಾಜಕ್ಕನೂ ನಕ್ಕಿದ್ದಳು.

ಇವತ್ತು ಪೇಟೆಯ ಆಸ್ಪತ್ರೆಯಲ್ಲಿ ತಂಗಿಗೆ ಎದೆಯ ಆಪರೇಷನ್. ಹನ್ನೆರಡೂವರೆಗೆ ಒಳಗೆ ಕರೆದೊಯ್ಯುತ್ತಾರೆ. "ಅಷ್ಟರೊಳಗೆ ನಿನ್ನ ಮುಖ ನೋಡ್ಬೇಕು ಅಕ್ಕಾ" ಎಂದಿದ್ದಳು ಫೋನಿನಲ್ಲಿ. ಕಾಜಕ್ಕ ಕೊನೆಯ ಗಂಟು ಬಿಗಿದು, ದಾರ ಕಡಿದು ಎದ್ದಳು. ಒಂಬತ್ತರ ರೈಲು ಹತ್ತಿದರೆ ಹನ್ನೊಂದಕ್ಕೆ ಪೇಟೆ.

ಒಂಬತ್ತೂ ಐದಕ್ಕೆ ಈ ದಡದ ಸ್ಟೇಷನ್ನಿನ ಮೈಕು ಗೊರಗೊರ ಅಂದಿತು. ರೈಲು ಎರಡು ಗಂಟೆ ತಡ.

ಅವಳು ಬೆಂಚಿನಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಕೈಯಲ್ಲಿದ್ದ ಟಿಕೆಟ್ಟಿನ ಅಂಚು ಬೆವರಿಗೆ ಮೆತ್ತಗಾಗಿತ್ತು. ಆಚೆ ದಡದಲ್ಲಿ ಒಂಬತ್ತೂ ನಲವತ್ತಕ್ಕೆ ಇನ್ನೊಂದಿದೆ. ಸೇತುವೆ ದಾಟಲು ಇಪ್ಪತ್ತು ನಿಮಿಷ ಸಾಕು.

"ಎಲ್ಲಿಗಮ್ಮಾ?" ಪುಸ್ತಕ ಹಿಡಿದು ತಲೆ ಎಣಿಸುತ್ತಿದ್ದ ಭಾವ ಕೇಳಿದರು.

"ಆ ದಡಕ್ಕೆ."

"ನೀನೂನಾ? ಇವತ್ತು ರೈಲ್ವೆ ಆಫೀಸಿಂದಲೇ ಎಣಿಸೋಕೆ ಬಂದಿದಾರೆ. ನಿನ್ನನ್ನೂ ಸೇರಿಸಿ ಮೂವತ್ತೆಂಟು, ಇನ್ನೂ ಇಬ್ಬರು ಬೇಕು."

"ಎರಡು ಗಂಟೆ ತಡ ಅಂತೆ ಭಾವ. ಅವಳನ್ನ ಒಳಗೆ ಕರ್ಕೊಂಡು ಹೋಗಿರ್ತಾರೆ."

"ಡಾಕ್ಟರು ಇದಾರಲ್ಲ. ನೀನೇನು ಹೋಗಿ ಕತ್ತರಿ ಹಿಡೀತೀಯಾ?"

"ಕೈ ಹಿಡೀತೀನಿ."

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಅಲ್ಲಿ ಮತ್ತೆ ನಕ್ಕರೆ?"

"ನಗಲಿ ಬಿಡಿ. ನಕ್ಕವನಿಗೆ ಈಗ ಹಲ್ಲೇ ಉದುರಿರುತ್ತೆ."

"ಅದಲ್ಲಮ್ಮ, ನಮ್ಮನೆಯವಳೇ ಹೀಗೆ ಹೊರಟರೆ ಊರವರಿಗೆ ನಾನು ಏನಂತ..."

ಕಾಜಕ್ಕ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ಲಾಟ್‌ಫಾರ್ಮಿನ ಇಳಿಜಾರು ಇಳಿದಿದ್ದಳು. ಭಾವ ಹಿಂದಿನಿಂದ ಇನ್ನೂ ಏನೋ ಹೇಳುತ್ತಲೇ ಇದ್ದರು.