ಅರ್ಕಾವತ್ತು ಸರಿಯಾಗಿದೆ ಎಂದಿದ್ದೆ

ರುಕ್ಮಿಣಿಯ ಫಾಂಟಿನಲ್ಲಿ ತಪ್ಪಿತ್ತು. ನಾನದನ್ನು ಕಣ್ಣಾರೆ ಕಂಡೆ. ಕಂಡೂ ಸರಿಯಾಗಿದೆ ಎಂದೆ. ಹೊಟ್ಟೆಕಿಚ್ಚಿನಿಂದ ಹೇಳಿದ ಮಾತು ಅದು — ಬೇರೆ ಹೆಸರು ಅದಕ್ಕಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ದಾವಣಗೆರೆಯಿಂದ ಓದಲು ಬಂದ ನಾನು ತಮಿಳುನಾಡಿನ ತುಡಿಯಲೂರಿನಲ್ಲಿ ರೂಮು ಮಾಡಿಕೊಂಡಿದ್ದೆ. ರುಕ್ಮಿಣಿ ಒಂದು ವರ್ಷ ಕಿರಿಯಳು, ಹತ್ತಿರದ ಕರುಮತ್ತಂಪಟ್ಟಿಯ ಮಗ್ಗದ ಮನೆಯವಳು. ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಓದಿದ್ದೆಲ್ಲ ತಮಿಳು. ಕಾಲೇಜಿನ ಲಿನಕ್ಸ್ ಗುಂಪಿನಲ್ಲಿ ಕನ್ನಡದವರು ನಾವಿಬ್ಬರೇ. ಕೊಳ್ಳಬೇಕಾದ ಫಾಂಟುಗಳಿಗೆ ಬದಲಾಗಿ, ಪುಟದ ಸಾಲು ಅಲುಗದಂತೆ ಅದೇ ಅಳತೆಯ ಉಚಿತ ಫಾಂಟುಗಳನ್ನು ಪ್ಯಾಕೇಜ್ ಮಾಡಿ ಲಿನಕ್ಸ್ ಎಂಬ ಮುಕ್ತ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸುವುದು ನಮ್ಮ ಕೆಲಸ. ನಾನು ತಿಂಗಳುಗಟ್ಟಲೆ ಒದ್ದಾಡಿದ ಕನ್ನಡದ ಪ್ಯಾಕೇಜನ್ನು ಅವಳು ಒಂದೇ ವಾರದಲ್ಲಿ ಮುಗಿಸಿದಳು. ಮೇಷ್ಟ್ರು ಎಲ್ಲರೆದುರು ಹೊಗಳಿದಾಗ ನನಗೆ ಮೈಯೆಲ್ಲ ಉರಿಯಿತು. ಕನ್ನಡ ನನ್ನದು, ಅಕ್ಷರ ಬಾರದ ಇವಳ್ಯಾರು — ಎಂದುಕೊಂಡೆ. ಇದೇ ಮಾತಿನಲ್ಲಿ ಎಂದುಕೊಂಡೆ.

ಪ್ಯಾಕೇಜನ್ನು ಲಿನಕ್ಸಿನವರಿಗೆ ಕಳಿಸುವ ಮುನ್ನ ಒಂದು ಹಾಳೆ ಮುದ್ರಿಸಿ ನನ್ನ ಬಳಿ ತಂದಳು.

"ಅಣ್ಣಾ, ನಂಗೆ ಕನ್ನಡ ಎಳುತ್ತು ಓದಕ್ಕೆ ಬರಲ್ಲ. ಎಲ್ಲಾ ಕರೆಕ್ಟಾ ಐತಾ, ಕೊಂಜ ನೋಡಿ ಹೇಳಿ."

ಮೊದಲ ಸಾಲಿನಲ್ಲೇ 'ಕರ್ನಾಟಕ' ಇತ್ತು. ಅಳತೆ ಹೊಂದಿಸುವಾಗ ಅರ್ಕಾವತ್ತಿನ ಜಾಗ ಕುಗ್ಗಿ, ಅದು ಪಕ್ಕದ 'ಟ'ದ ಮೇಲೆ ಹತ್ತಿ ಕೂತಿತ್ತು. ಕನ್ನಡ ಶಾಲೆಯ ಯಾವ ಮಗುವಾದರೂ ಬೆರಳಿಟ್ಟು ತೋರಿಸುತ್ತಿತ್ತು. ನಾನು — ಹಾಳೆ ಮಡಿಸಿ ಕೊಟ್ಟೆ.

"ಎಲ್ಲ ಸರಿಯಾಗಿದೆ, ಕಳಿಸು."

ನಾಲ್ಕೇ ದಿನದಲ್ಲಿ ಪ್ಯಾಕೇಜು ವಾಪಸ್ ಬಂತು. ಕನ್ನಡ ಬಾರದವರು ಕನ್ನಡಕ್ಕೆ ಕೈಹಾಕಬಾರದೆಂದು ಯಾರೋ ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಮರುದಿನ ನಾನು ಆ ಒಂದು ಅಳತೆಯನ್ನಷ್ಟೇ ತಿದ್ದಿ, ಅವಳ ಉಳಿದ ಕೆಲಸವನ್ನೆಲ್ಲ ಹಾಗೆಯೇ ಇಟ್ಟು, ನನ್ನ ಹೆಸರಿನಲ್ಲಿ ಕಳಿಸಿದೆ. ಒಪ್ಪಿಕೊಂಡರು. ಆ ಹೆಸರು ಈಗಲೂ ಅಲ್ಲಿದೆ.

ಅವಳು ಸಿಟ್ಟಾಗಿದ್ದರೆ ನಾನು ಬಹುಶಃ ನಿಜ ಹೇಳಿಬಿಡುತ್ತಿದ್ದೆ... ಅವಳು ಸಿಟ್ಟಾಗಲಿಲ್ಲ. ತಪ್ಪು ನನ್ನ ಕಣ್ಣಿಗೂ ಬೀಳಲಿಲ್ಲವೆಂದೇ ನಂಬಿದ್ದಳು. ಕ್ಯಾಂಟೀನಿನಲ್ಲಿ ಸಿಕ್ಕಾಗ ತಾನಾಗಿಯೇ ಹೇಳಿದಳು:

"ನೀವ್ ಮಾಡಿದ್ದೇ ನಲ್ಲದಾಯ್ತು, ಒಳ್ಳೇದೇ ಆಯ್ತು ಅಣ್ಣಾ. ನಮ್ ಮನೇಲಿ ಆಡೋದು ಕನ್ನಡಾನೇ ಅಲ್ಲ ಅನ್ಸ್ತೈತೆ."

ನಿನ್ನದೂ ಕನ್ನಡವೇ, ತಪ್ಪು ನನಗೆ ಕಂಡಿತ್ತು — ಇಷ್ಟು ಹೇಳಲು ನಾಲಿಗೆ ಹೊರಳಲಿಲ್ಲ. ಒಳಗೊಳಗೇ ಖುಷಿಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಅಂದಿನಿಂದ ಅವಳು ನನ್ನೊಡನೆ ತಮಿಳಿನಲ್ಲೇ ಮಾತಾಡಿದಳು. ಮನೆಯಲ್ಲಿ ಅಮ್ಮನೊಡನೆಯೂ ಕನ್ನಡ ಬಿಟ್ಟಳೇ — ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.