ಮುಡಿ ತೆಗೆಸದ ಮಗುವಿನ ಫೋಟೋ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಬಾಯಿ ತೆರೆದರೆ, ಮೊದಲು ಕೈಕಾಲು ತೊಳೆದು ಒಂದು ತುತ್ತು ತಿನ್ನಿ ಎನ್ನುತ್ತಿದ್ದವಳು ನಾನು. ಹಸಿದ ಹೊಟ್ಟೆಗೆ ಇಲ್ಲದ್ದೆಲ್ಲ ಕಾಣುತ್ತದೆ. ಮಸಣದ ಪಕ್ಕದ ಹೊಲದಲ್ಲಿ ಒಬ್ಬಳೇ ಕಡಲೆಕಾಯಿ ಕಾದಿದ್ದೇನೆ. ನರಿ, ಹಂದಿ ಬಿಟ್ಟರೆ ಬೇರೇನೂ ಬರಲಿಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕು ಅಂತಲೂ ಇಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಶಿಡ್ಲಘಟ್ಟದಲ್ಲಿ ನನ್ನ ಮಗ ನಾಣಿಗೆ ಒಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಎದುರಿಗೇ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಅಲ್ಲಿ ಕೆಲಸ ಮಾಡುವ ಪದ್ಮ ಒಂದು ಮಧ್ಯಾಹ್ನ ಎಂಟು ತಿಂಗಳ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಮನೆದೇವರಿಗೆ ಮುಡಿ ಕೊಡುವವರೆಗೆ ಮಗುವಿನ ಫೋಟೋ ತೆಗೆಯಬಾರದು, ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳ ಅತ್ತೆಯ ಕಟ್ಟಪ್ಪಣೆ. ಮೊಬೈಲಿನಲ್ಲಿ ತೆಗೆದರೂ ಆ ಮುದುಕಿ ಎದುರಿಗೆ ಕೂತು ಅಳಿಸುವಂತೆ ಮಾಡುತ್ತಿದ್ದಳಂತೆ.

"ಒಂದೇ ಒಂದು ತೆಗೆದು ಕಂಪ್ಯೂಟರಲ್ಲೇ ಮಡಗಿರಣ್ಣ. ಮುಡಿ ಆದ್ಮೇಲೆ ಬಂದು ಇಸ್ಕೊಂಡು ಹೋಗ್ತೀನಿ" ಎಂದಳು ಪದ್ಮ.

ನಾನು ಬೀಗದಕೈ ಗೊಂಚಲು ಅಲ್ಲಾಡಿಸಿ ಮಗುವನ್ನು ನಗಿಸಲು ನೋಡಿದೆ. ನಗಲಿಲ್ಲ. ಹಳದಿ ಫ್ರಾಕು, ಹಣೆಗೆ ಬೀಳುವಷ್ಟು ಕೂದಲು. ನಾಣಿ ತೆಗೆದ. ಮೂಲೆಯಲ್ಲಿ ನನ್ನ ಕೈಯೂ ಬಂದಿತ್ತು, ಅದನ್ನು ಆಮೇಲೆ ಫೋಟೋದಿಂದ ಕತ್ತರಿಸುತ್ತೇನೆ ಎಂದ.

ಮುಡಿಗೆ ದಿನ ನೋಡುವ ಮೊದಲೇ ಮಗು ಜ್ವರ ಬಂದು ತೀರಿಕೊಂಡಿತು.

ಪದ್ಮ ಫೋಟೋ ಕೇಳಿಕೊಂಡು ಬಂದಾಗ ನಮ್ಮ ಕಂಪ್ಯೂಟರು ಕೆಟ್ಟು ಕೂತಿತ್ತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು, ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ಬರುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ವಿಂಡೋಸ್ ಬರುತ್ತಿಲ್ಲ ಎಂದ ನಾಣಿ. ಡಬ್ಬದ ಮುಚ್ಚಳ ಬಿಚ್ಚಿದ, ಧೂಳು ಊದಿದ, ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದ. ಒಳಗಿನಿಂದ ಒಂದು ಹಸಿರು ಪಟ್ಟಿ ತೆಗೆದು ಮಕ್ಕಳ ರಬ್ಬರಿನಿಂದ ಉಜ್ಜತೊಡಗಿದ.

"ಸ್ಲೇಟು ಒರೆಸ್ದಂಗೆ ಒರೆಸ್ತಿದ್ದೀಯಲ್ಲೋ, ಇರೋದೂ ಹೋಗ್ಬಿಟ್ಟಾತು."

"ನೀನು ಸುಮ್ನಿರಮ್ಮ. ಇದ್ರಲ್ಲಿ ಫೋಟೋ ಇರಲ್ಲ. ಫೋಟೋ ಎಲ್ಲಾ ಹಾರ್ಡ್ ಡಿಸ್ಕಲ್ಲಿರೋದು."

ಪೆನ್ ಡ್ರೈವ್ ಚುಚ್ಚಿ ನೋಡಿದ. ಅದರಿಂದ ಕಂಪ್ಯೂಟರು ಎದ್ದಿತು, ಆದರೆ ಡಿಸ್ಕು ಇದೆ ಎಂಬುದೇ ಅದಕ್ಕೆ ತಿಳಿಯಲಿಲ್ಲ. ಕ್ಯಾಮೆರಾದ ಕಾರ್ಡನ್ನು ಯಾವುದೋ ಮದುವೆಗೆ ಬೇಕೆಂದು ಆಗಲೇ ಖಾಲಿ ಮಾಡಿದ್ದ. ಪದ್ಮ ದಿನಾ ಊಟದ ಬಿಡುವಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲುವಳು. ಕೇಳುತ್ತಿರಲಿಲ್ಲ, ನಿಲ್ಲುವಳು ಅಷ್ಟೆ. ಕೊನೆಗೆ ನಾಣಿ ಅಂಗೈ ಅಗಲದ ಆ ಡಿಸ್ಕನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಚಿಂತಾಮಣಿ ಬಸ್ಸು ಹತ್ತಿದ. ಕೆಟ್ಟ ಡಿಸ್ಕಿನಿಂದ ಫೋಟೋ ತೆಗೆದುಕೊಡುವವರು ಅಲ್ಲಿ ಒಬ್ಬರಿದ್ದರು. ಪೆನ್ ಡ್ರೈವೂ ಅವನ ಜೇಬಿನಲ್ಲೇ ಹೋಯಿತು.

ನಾನು ಅಂಗಡಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಮಟಮಟ ಮಧ್ಯಾಹ್ನ. ಶೆಡ್ಡಿನವರು ಊಟಕ್ಕೆ ಎದ್ದಿದ್ದರು, ರಾಟೆಗಳ ಸದ್ದು ನಿಂತಿತ್ತು. ನಾಣಿ ಊರಲ್ಲಿಲ್ಲ ಎಂದು ತಿಳಿದು ಪದ್ಮ ಅಂದು ಬಂದಿರಲಿಲ್ಲ. ಆಗ ನನ್ನ ಹಿಂದೆ ಫ್ಯಾನು ತಿರುಗಿತು.

ತಿರುಗಿ ನೋಡಿದೆ. ಮುಚ್ಚಳ ತೆಗೆದ ಡಬ್ಬದಲ್ಲಿ ಡಿಸ್ಕು ಇದ್ದ ಜಾಗ ಬೊಕ್ಕಬಾಯಿಯ ಹಾಗೆ ಖಾಲಿ. ಪರದೆಯ ಮೇಲೆ ಅದೇ ಎರಡು ಸಾಲು ಬಂತು. ಕರೆಂಟು ಹೋಗಿ ಬಂದಿರಬೇಕು ಅಂದುಕೊಂಡೆ. ಆಮೇಲೆ ಅಕ್ಷರ ಅಳಿಸಿಹೋಗಿ ಪರದೆ ತುಂಬ ಪದ್ಮನ ಮಗಳು ಬಂದಳು.

ಅದೇ ಫೋಟೋ. ಅದೇ ಹಳದಿ ಫ್ರಾಕು. ಮೂಲೆಯಲ್ಲಿ ಬೀಗದಕೈ ಹಿಡಿದ ನನ್ನದೇ ಕೈ. ಆದರೆ ಮಗುವಿನ ತಲೆ ನುಣ್ಣಗೆ ಬೋಳಿಸಿತ್ತು, ಮೇಲೆ ಗಂಧ ಬಳಿದಿತ್ತು. ಗಂಧ ಇನ್ನೂ ಒಣಗಿರಲಿಲ್ಲ, ಒಂದು ಹನಿ ಕಿವಿಯ ಕಡೆಗೆ ಇಳಿದಿತ್ತು. ಆಗ ನನ್ನ ಕಣ್ಣು ಚೆನ್ನಾಗಿತ್ತು, ಅವರೆಕಾಯಿಯೊಳಗಿನ ಮರಿಹುಳವೂ ಕಾಣುತ್ತಿತ್ತು. ಎದ್ದು ಹತ್ತಿರ ಹೋದೆ. ಕೈ ಮುಂದೆ ಮಾಡುವಷ್ಟರಲ್ಲಿ ಪರದೆ ಕಪ್ಪಾಯಿತು. ಫ್ಯಾನು ನಿಧಾನಕ್ಕೆ ನಿಂತಿತು.

ನಾಣಿಗೆ ಫೋನು ಮಾಡಿ ಡಿಸ್ಕು ಎಲ್ಲಿದೆಯೋ ಎಂದು ಕೇಳಿದೆ.

"ನನ್ ಮುಂದೇನೇ ಬಿಚ್ಚಿ ಹಾಕವ್ರೆ ಕಣಮ್ಮ. ಒಳಗೆ ತಟ್ಟೆಯೆಲ್ಲಾ ಗೀಚೋಗೈತಂತೆ. ಏನೂ ಬರಲ್ಲ ಅಂತವ್ರೆ. ಯಾಕೆ?"

ಅವನು ಊರಿಗೆ ಬಂದ ಮೇಲೆ ಹೇಳಿದೆ. ನಗಲಿಲ್ಲ, ಬೈಯಲಿಲ್ಲ. ಗುಂಡಿ ಒತ್ತಿ ನೋಡಿದ, ಎರಡು ಸಾಲು ಬಿಟ್ಟು ಮುಂದಕ್ಕೆ ಹೋಗಲಿಲ್ಲ. "ಡಿಸ್ಕಿಲ್ದೆ ಫೋಟೋ ಎಲ್ಲಿಂದ ಬರ್ತದಮ್ಮ? ಪದ್ಮಂಗೆ ಮಾತ್ರ ಹೇಳ್ಬೇಡ. ಮೊದ್ಲೇ ಬೆಂದವ್ಳೆ" ಎಂದ.

ಹೇಳಬಾರದು ಎಂದೇ ಇದ್ದೆ. ಮಾರನೆಯ ದಿನ ಅವಳು ಬಂದಳು. ಫೋಟೋ ಸಿಗಲ್ಲ ಎಂದು ನಾಣಿ ನೆಲ ನೋಡಿಕೊಂಡು ಹೇಳಿದ. ಅವಳು ಅಳಲಿಲ್ಲ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಆ ಸುಕ್ಕು ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳತೊಡಗಿದಳು. ಶೆಡ್ಡಿನಿಂದ ಕೂಗಿದರೂ ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ಗಂಧ ತಲೆ ತುಂಬಾ ಹಚ್ಚಿದ್ರಾ ಅಜ್ಜಿ?"

"ತುಂಬಾ ಹಚ್ಚಿದ್ರು."

"ನಗ್ತಿದ್ಲಾ?"

ಸುಳ್ಳು ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಬಾಯಿಗೆ ಬರಲಿಲ್ಲ. "ಇಲ್ಲ ಕಣಮ್ಮ. ಅಳ್ತಾನೂ ಇರ್ಲಿಲ್ಲ. ನೋಡ್ತಿದ್ಲು" ಎಂದೆ. ಪದ್ಮ ತಲೆಯಾಡಿಸಿ ಎದ್ದು ಕೆಲಸಕ್ಕೆ ಹೋದಳು.

ಆಮೇಲೆ ನಾಣಿ ಬೇರೆ ಕಂಪ್ಯೂಟರು ತಂದ, ಹಳೆಯದನ್ನು ಗುಜರಿಯವನು ಗಾಡಿಗೆ ಎಸೆದುಕೊಂಡು ಹೋದ. ಕಂಪ್ಯೂಟರು ಬಲ್ಲ ಮೂರು ನಾಲ್ಕು ಜನರನ್ನು ಕೇಳಿದ್ದೇನೆ, ಹಾಗೆ ಆಗಲು ಸಾಧ್ಯವೇ ಇಲ್ಲ ಎಂದರು. ಅದು ನನಗೂ ಗೊತ್ತು.

ಪದ್ಮ ಈಗಲೂ ಆಗಾಗ ಬರುತ್ತಾಳೆ. ಪಕ್ಕದಲ್ಲಿ ಕೂತು "ಇನ್ನೊಂದ್ಸಲ ಹೇಳಿ ಅಜ್ಜಿ" ಎನ್ನುತ್ತಾಳೆ. ಹೇಳುತ್ತೇನೆ. ಮೊನ್ನೆ ಬಂದವಳು, ಮಗಳ ಕೈ ಎಲ್ಲಿತ್ತು ಎಂದು ಕೇಳಿದಳು. ಮಡಿಲಲ್ಲಿತ್ತು ಎಂದೆ.

"ಹೋದ್ಸಲ ನೆಲಕ್ಕೆ ಊರಿದ್ಲು ಅಂದ್ರಿ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಹುಡುಕಿದೆ. ಫ್ರಾಕು ಸಿಕ್ಕಿತು, ಗಂಧ ಸಿಕ್ಕಿತು. ಕೈ ಎಲ್ಲಿತ್ತೋ ಎಷ್ಟು ಹೊತ್ತು ಹುಡುಕಿದರೂ ಸಿಗಲಿಲ್ಲ.