ಆರನೇ ಖೋಲಿಯ ಹಾಸುಗಲ್ಲು

ಮರಾಠಿ ಗಡಿಯ ನಮ್ಮೂರು ತುರೋರಿಯ ರಸ್ತೆಯಲ್ಲಿ ಎರಡು ಲಾರಿ ಎದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕಾಗಿದ್ದ ಕಾಲ. ರಸ್ತೆಯ ಪಕ್ಕ ಎಂಟು ಖೋಲಿಗಳ ಒಂದು ಲಾಡ್ಜ್ ಇತ್ತು. ಊರವರ ಬಾಯಲ್ಲಿ ಅದು ‘ಲಾಜ್’. ನಮ್ಮಪ್ಪ ಮನೆಮನೆಗೆ ಪೂಜೆಗೆ ಹೋಗುವ ಅಯ್ಯನವರು. ಬೆಳಿಗ್ಗೆ ಲಾಜಿನ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಫೋಟೋಕ್ಕೂ ಅಪ್ಪನದೇ ಪೂಜೆ. ನಾಲ್ಕನೇ ಇಯತ್ತೆ ಮುಗಿದ ಆ ಬೇಸಿಗೆ ರಜೆಯಲ್ಲಿ ಪತ್ರೆಯ ಬುಟ್ಟಿ ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ. ಊದಿನಕಡ್ಡಿ, ಫಿನಾಯಿಲ್, ಪಕ್ಕದ ಹೋಟೆಲಿನ ಮಿರ್ಚಿ ಭಜಿ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು.

ಆರನೇ ಖೋಲಿಯಲ್ಲಿ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಭೂಕಂಪದಲ್ಲಿ ಬಿದ್ದ, ಹತ್ತಿರದ ಸಾಸ್ತೂರಿನ ಮನೆಗಳ ಕಲ್ಲನ್ನು ಕೊಂಡು ತಂದು ಮಾಲಕ ಅದನ್ನು ಕಟ್ಟಿಸಿದ್ದ. ಒಬ್ಬ ಲಾರಿ ಡ್ರೈವರ್ ನಸುಕಿನಲ್ಲಿ ಬಾಗಿಲಾಚೆ ಕವಡೆ ಉರುಳುವ ಸದ್ದು ಕೇಳಿದನಂತೆ. ಬಾಗಿಲು ತೆಗೆದರೆ ನರಪಿಳ್ಳೆ ಇಲ್ಲ. ಚಪ್ಪಲಿಯನ್ನೂ ಬಿಟ್ಟು ಓಡಿದ್ದನಂತೆ.

ಆ ಖೋಲಿಯ ಮುಂದೆ ಒಂದು ಕರಿ ಹಾಸುಗಲ್ಲಿತ್ತು. ಅದರ ಮೇಲೆ ಯಾರೋ ಮೊಳೆಯಿಂದ ಸೊಟ್ಟಪಟ್ಟ ಕೊರೆದ ಚೌಕಾಬಾರದ ಮನೆಗಳು. ಅಪ್ಪನ ಪೂಜೆ ಮುಗಿಯುವತನಕ ನಾನು ನಾಲ್ಕು ಬಳೆಚೂರು ಇಟ್ಟು ಒಬ್ಬಳೇ ಆಡಿ, ಹಾಗೇ ಬಿಟ್ಟು ಹೋದೆ. ಮರುದಿನ ನೋಡಿದರೆ ಎದುರಿನ ಮನೆಯಲ್ಲಿ ನಾಲ್ಕು ಹುಣಸೆಬೀಜ!

ದೆವ್ವವೇ ಇಟ್ಟದ್ದು ಅಂದುಕೊಂಡೆ. ಆದರೆ ನಾನು ಮೊದಲಿಂದ ಜಿದ್ದಿನವಳು, ದೆವ್ವಕ್ಕೆ ಸೋಲುವುದೆಂದರೇನು? ಮನೆಯಿಂದ ತಂದಿದ್ದ ಕವಡೆ ಹಾಕಿ, ಒಂದು ಬಳೆಚೂರು ನಡೆಸಿ, ಬಿದ್ದ ಕವಡೆಯನ್ನು ಹಾಗೇ ಬಿಟ್ಟು ಹೋದೆ. ಮರುದಿನ ಹುಣಸೆಬೀಜವೂ ನಡೆದಿತ್ತು. ದಿನಕ್ಕೊಂದೇ ನಡೆ. ಒಮ್ಮೆ ಎರಡು ಮನೆ ಹೆಚ್ಚಿಗೆ ನಡೆಸಿ ಮೋಸ ಮಾಡಿದೆ. ಬೆಳಗಾಗುವಷ್ಟರಲ್ಲಿ ನನ್ನ ಬಳೆಚೂರು ಇರಬೇಕಾದ ಮನೆಗೇ ವಾಪಸ್ಸು ಬಂದು ಕೂತಿತ್ತು. ಇದು ಯಾರೆಂದು ನೋಡಿಯೇ ತೀರಬೇಕೆಂದುಕೊಂಡೆ.

ಮರುದಿನ ಅಪ್ಪನಿಗಿಂತ ಮುಂಚೆ ಓಡಿದೆ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವಳು ಮಾಳವ್ವ, ಲಾಜಿನ ಕಸ ಹೊಡೆಯುವ ಹೆಂಗಸು. ಕಲ್ಲಿನ ಅಂಚಿಗೆ ಚಿಟಿಕೆ ಅರಿಸಿನ ಹಚ್ಚುತ್ತಿದ್ದಳು. ಮಗ್ಗುಲಲ್ಲಿ ಕವಡೆ.

“ಮಾಳವ್ವಾ, ನೀ ಏನ್ ಮಾಡ್ಲತ್ತಿ?”

ಬೆಚ್ಚಿದಳು. ಆಮೇಲೆ ನನ್ನ ಕೈ ಹಿಡಿದು ಕೂಡಿಸಿಕೊಂಡಳು.

“ಇದು ನಮ್ಮನಿ ಬಾಗಲ್ದಾಗಿನ ಕಲ್ಲವ್ವಾ. ಈ ಗೆರಿ ನನ ಮಗಳು ಕೊರದದ್ದು. ಕಲ್ಲ ಹೊಲಸ ಮಾಡ್ದಿ ಅಂತ ಬೈದಿದ್ದೆ. ಭೂಕಂಪ ಆದಾಗ ಆಕಿ ಒಳಗ ಮಲಗಿದ್ಲು, ನಾ ಕುರಿ ಹಟ್ಟ್ಯಾಗಿದ್ದೆ. ನಮ್ಮ ದೇವ್ರು ಬೀರಪ್ಪ ನನ್ನ ಯಾಕ ಉಳಿಸ್ದನೋ.”

“ಮತ್ತ ಈ ಅರಿಸಿನ?”

“ಅದು ಬೀರಪ್ಪನ ಭಂಡಾರ. ಆಕಿ ಸಲುವಾಗಿ ಹಚ್ತೀನಿ. ಯಾರ ಮುಂದನೂ ಹೇಳಬ್ಯಾಡ ನನ ತಾಯಿ. ಭಾನಾಮತಿ ಮಾಡ್ತಾಳ ಅಂತ ಹೊಡದ ಹಾಕ್ತಾರ.”

ನಮ್ಮ ಕಡೆ ಮಾಟಕ್ಕೆ ಭಾನಾಮತಿ ಅನ್ನುತ್ತಾರೆ. ಆ ಗುಮಾನಿಯ ಮೇಲೆ ಎಲ್ಲೋ ಒಬ್ಬ ಮುದುಕಿಯ ಹಲ್ಲು ಮುರಿದ ಸುದ್ದಿ ದೊಡ್ಡವರು ಪಿಸುಗುಟ್ಟುವಾಗ ನಾನು ಕೇಳಿದ್ದೆ. ಅಪ್ಪನಾಣೆ ಹೇಳುವುದಿಲ್ಲ ಎಂದೆ.

ವಾರ ಕಳೆಯುವುದರೊಳಗೆ ಮಾಲಕನ ಕಣ್ಣಿಗೆ ಅರಿಸಿನ ಬಿತ್ತು. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ.

“ಭಾನಾಮತಿ ಇದು! ಗಿರಾಕಿ ಯಾಕ ಬರಲ್ಲಾಗ್ಯಾರ ಈಗ ತಿಳೀತು. ಯಾವಾಕಿ ಮಾಡ್ಯಾಳ ಹೇಳ್ರಿ, ಆಕಿ ಚರ್ಮ ಸುಲೀತೀನಿ. ಅಯ್ಯನವರ, ನೀವರ ಹೇಳ್ರೀ, ಆತಾ ಕಾಯ್ ಕರಾಯಚಂ? ಈಗ ಏನ್ ಮಾಡೂದು?”

ಮಾಳವ್ವ ಕಸಬರಿಗೆ ಹಿಡಿದು ಗೋಡೆಗೆ ಒರಗಿದ್ದಳು. ಅಪ್ಪ ಬಗ್ಗಿ ಅರಿಸಿನ ಮುಟ್ಟಿ ಮೂಸಿ ನೋಡಿದ. ಎದ್ದು ನಿಂತು ಎಲ್ಲರ ಮುಖ ಒಮ್ಮೆ ನೋಡಿದ.

“ದೋಷ ಕಲ್ಲಿನ್ಯಾಗ ಅದ, ಮಂದ್ಯಾಗಿಲ್ಲ. ಕಲ್ಲ ಒಡಸ್ರಿ. ಎಲ್ಲಾ ಸುಮ್ಮಾಗ್ತದ.”

ನಾನು ಅಪ್ಪನ ಧೋತರ ಹಿಡಿದು ಬಾಯಿ ತೆರೆದೆ. ದೂರದಿಂದ ಮಾಳವ್ವ ತಲೆ ಅಲ್ಲಾಡಿಸಿದಳು. ಬಾಯಿ ಮುಚ್ಚಿಕೊಂಡೆ. ಸುತ್ತಿಗೆಯ ನಾಲ್ಕನೇ ಏಟಿಗೆ ಕಲ್ಲು ಸೀಳಿತು. ಹುಣಸೆಬೀಜಗಳು ಮೋರಿಗೆ ಉರುಳಿದವು. ಚೂರುಗಳನ್ನು ಗುಡಿಸಿ ಬುಟ್ಟಿಗೆ ತುಂಬುವ ಕೆಲಸವೂ ಮಾಳವ್ವನಿಗೇ ಬಂತು. ಮಗಳು ಕೊರೆದ ಗೆರೆಗಳನ್ನು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಗುಡಿಸಿದಳು. ಹೋಗುವಾಗ ನನ್ನ ಅಂಗೈಯಲ್ಲಿ ಒಂದು ಬಳೆಚೂರು ಇಟ್ಟಳು.

“ನಿನ್ನ ಕಾಯಿ ಹಣ್ಣಾತವ್ವಾ. ನೀನೇ ಗೆದ್ದಿ.”

ಆ ರಜೆ ಮುಗಿಯುವತನಕ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಾತಾಡಿದರೂ ಸಿಟ್ಟು ಒಳಗೇ ಉಳಿಯಿತು. ಮದುವೆಯಾಗಿ ಉದಗೀರಿಗೆ ಬಂದ ಮೇಲೂ ಉಳಿಯಿತು. ಕಣ್ಣಿನ ಆಪರೇಷನ್ನಿಗೆ ಬಂದು ಅಪ್ಪ ನಮ್ಮನೆಯಲ್ಲಿದ್ದಾಗ, ಮಾಳವ್ವ ತೀರಿಕೊಂಡ ಸುದ್ದಿಯನ್ನು ಅವನೇ ಹೇಳಿದ. ಆಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಯಾಕೆ ಒಡೆಸಿದೆ ಎಂದು ಕೇಳಿದೆ.

ಅಪ್ಪ ನನ್ನ ದನಿ ಬಂದ ಕಡೆಗೆ ತಿರುಗಿದ.

“ಭಂಡಾರದ ವಾಸನಿ ನನಗ ಗೊತ್ತಾಗಲ್ಲೇನ ಮಗಾ? ಬೀರಪ್ಪನ ಮಂದಿ ಅಲ್ಲಿ ಆಕಿ ಒಬ್ಬಾಕೀನೇ ಇದ್ಲು. ಆಕೀನ ಉಳಸ್ಬೇಕಿತ್ತು. ಅದಕ್ಕ ದೋಷ ಕಲ್ಲಿನ ಮ್ಯಾಲ ಹಾಕ್ದೆ.” ಕಣ್ಣಿನ ಪಟ್ಟಿಯನ್ನು ಮುಟ್ಟಿಕೊಂಡ. “ಅದು ಆಕಿ ಮಗಳ ಕಲ್ಲಂತ ನೀ ಆವತ್ತ ಒಂದ ಮಾತ ಹೇಳಿದ್ದರ, ಒಡಸೂದು ಬ್ಯಾಡ, ಇದನ್ನ ಊರ ಹೊರಗ ಹಾಕ್ಬೇಕು ಅಂತಿದ್ದೆ. ಬಂಡ್ಯಾಗ ಹೇರ್ಕೊಂಡು ಹೋಗಿ ಆಕಿ ಬಾಗಲ್ದಾಗ ಇಳಿಸ್ತಿದ್ದೆನಲ್ಲ.”

ಒಬ್ಬ ಹೆಂಗಸನ್ನು ಉಳಿಸಲು ಅಪ್ಪ, ಮಗಳು ಇಬ್ಬರೂ ಬಾಯಿ ಕಟ್ಟಿಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳದೆ.

ಈಗ ತುರೋರಿಯಲ್ಲಿ ರಸ್ತೆ ಬಹಳ ಅಗಲವಾಗಿದೆ. ಲಾಜ್ ಇದ್ದ ಜಾಗದ ಮೇಲೆ ಲಾರಿಗಳು ಹಾಯುತ್ತವೆ. ಅಪ್ಪನೂ ಇಲ್ಲ. ಬಳೆಚೂರು ಮಾತ್ರ ನನ್ನ ಹತ್ತಿರ ಇದೆ. ಅದು ಹಣ್ಣಾಗಿರಲಿಲ್ಲ. ನಡುಮನೆ ಸೇರಲು ನನಗೆ ಇನ್ನೂ ಮೂರು ಮನೆ ಬೇಕಿತ್ತು, ಮತ್ತು ಮರುದಿನದ ನಡೆ ಮಾಳವ್ವನದಿತ್ತು.